‘ಕೂಳು’ ಶಬ್ದದ ಅರ್ಥಾವನತಿ: ಒಂದು ವಿಮರ್ಶೆ

ಹಳಗನ್ನಡ ಪಾಠದಲ್ಲಿ ‘ಕೂೞ್’ ಎಂಬ ಪದ ಬಂದೊಡನೆ ತರಗತಿಯಲ್ಲಿ ಒಂದು ಸಣ್ಣ ನಗೆ ಹಬ್ಬುವುದುಂಟು. ಟಿಪ್ಪಣಿಕಾರರೂ ‘ಅನ್ನ’ ಎಂದು ಅರ್ಥ ಹೇಳಿ, ಅಷ್ಟಕ್ಕೆ ನಿಲ್ಲದೆ, ‘ಹೀನವಾದ ಆಹಾರ’ವೆಂಬ ಛಾಯೆಯನ್ನೂ ಸೇರಿಸಿಬಿಡುತ್ತಾರೆ. ಇಂದಿನ ನಮ್ಮ ತಿರಸ್ಕಾರವನ್ನು ಸಾವಿರ ವರ್ಷಗಳ ಹಿಂದಿನ ಕವಿಯ ಬಾಯಿಗೆ ತುರುಕುವ ಈ ಪದ್ಧತಿ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಸಂಗತಿ ನಮಗೆ ಸ್ಪಷ್ಟವಾದುದು ಬಂಟ್ವಾಳ ತಾಲ್ಲೂಕಿನ ವಾಮದಪದವಿನ ಕಡೆಯಿಂದ ಬಂದ, ತುಳು ಮನೆಮಾತಿನ ವಿದ್ಯಾರ್ಥಿಗಳಿಂದ. ಅವರು ನಗಲಿಲ್ಲ. ಅವರಿಗೆ ಬೆಂದ ಅಕ್ಕಿ ‘ನುಪ್ಪು’. ಹೊತ್ತಿನ ಊಟ ‘ವಣಸ್’. ‘ನುಪ್ಪು’ ಎಂಬಲ್ಲಿ ವಿಶೇಷ ಗೌರವವೂ ಇಲ್ಲ, ಅಗೌರವವೂ ಇಲ್ಲ. ಕುಚ್ಚಲಕ್ಕಿ ಬೆಂದು ಬಟ್ಟಲಿಗೆ ಬಂದ ವಸ್ತು ಅದು. ‘ಕೂೞ್ ಎಂದರೆ ನುಪ್ಪು’ ಎಂದು ಬರೆದುಕೊಂಡು ಅವರು ಮುಂದಿನ ಪದ್ಯಕ್ಕೆ ಹೋದರು. ಹಳಗನ್ನಡದ ಅರ್ಥಕ್ಕೆ ಅವರೇ ಹೆಚ್ಚು ಸಮೀಪವರ್ತಿಗಳು.

ಶಬ್ದದ ಮೂಲವನ್ನು ನೋಡೋಣ. ಕನ್ನಡದಲ್ಲಿ ‘ೞ’ಕಾರವು ಕಾಲಕ್ರಮದಲ್ಲಿ ‘ಳ’ಕಾರದೊಡನೆ ಬೆರೆತುಹೋಯಿತು. ಸುಮಾರು 1260ರಲ್ಲಿದ್ದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಪಟ್ಟಿಮಾಡಬೇಕಾಗಿ ಬಂದುದೇ ಆ ಗೊಂದಲಕ್ಕೆ ಸಾಕ್ಷಿ. ತಮಿಳಿನಲ್ಲಿ ಮೂಲಧ್ವನಿ ಉಳಿದಿದೆ. ತೆಲುಗಿನಲ್ಲಿ ಅದು ಡಕಾರವಾಗಿದೆ. ತಮಿಳಿನ ‘ಕೋೞಿ’ ಕನ್ನಡದಲ್ಲಿ ‘ಕೋಳಿ’, ತೆಲುಗಿನಲ್ಲಿ ‘ಕೋಡಿ’, ತುಳುವಿನಲ್ಲಿ ‘ಕೋರಿ’. ಅದೇ ಕ್ರಮದಲ್ಲಿ ತಮಿಳಿನ ‘ಕೂೞ್’, ಕನ್ನಡದ ‘ಕೂಳು’, ತೆಲುಗಿನ ‘ಕೂಡು’. ತಮಿಳಿನಲ್ಲಿ ಅದರ ಬಳಕೆಯ ಅರ್ಥ ಗಂಜಿ, ಅಂಬಲಿ. ಕನ್ನಡ ತೆಲುಗುಗಳಲ್ಲಿ ಬೆಂದ ಅನ್ನ, ಆಹಾರ.

ಇಲ್ಲಿ ಒಂದು ಪ್ರಚಲಿತ ವ್ಯುತ್ಪತ್ತಿಯನ್ನು ನಿರಾಕರಿಸಬೇಕಾಗಿದೆ. ‘ಕೂಳಿಗಾಗಿ ಮಾಡುವ ಕೆಲಸವೇ ಕೂಲಿ’ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಕಿವಿಗೆ ಇಂಪಾಗಿದೆ, ಶಾಸ್ತ್ರಕ್ಕೆ ಒಪ್ಪದು. ತಮಿಳಿನಲ್ಲಿ ‘ಕೂಲಿ’ಯ ಲಕಾರವೂ ‘ಕೂೞ್’ನ ೞಕಾರವೂ ಬೇರೆ ಬೇರೆಯಾಗಿಯೇ ನಿಂತಿವೆ. ಇವೆರಡೂ ಒಂದೇ ಧಾತುವಿನವಾಗಿದ್ದರೆ ಈ ಭೇದಕ್ಕೆ ಕಾರಣ ಹೇಳುವವರು ಯಾರು? ಬರೊ ಮತ್ತು ಎಮೆನೊ ಅವರ ದ್ರಾವಿಡ ಜ್ಞಾತಿಪದಕೋಶವೂ (1961; ಪರಿಷ್ಕೃತ ಮುದ್ರಣ 1984) ಇವನ್ನು ಬೇರೆ ಬೇರೆ ನಮೂದುಗಳಲ್ಲಿಯೇ ಇಟ್ಟಿದೆ.

ಈ ಪದಕ್ಕಿದ್ದ ಹಿಂದಿನ ಘನತೆಯನ್ನು ತಿಳಿಯಲು ‘ತಿರುಕ್ಕುಱಳ್’ ಗ್ರಂಥವೊಂದೇ ಸಾಕು. ಅದರ 381ನೆಯ ಕುಱಳು ಅರಸನಿಗೆ ಬೇಕಾದ ಆರು ಅಂಗಗಳನ್ನು ಎಣಿಸುವಾಗ ಸೇನೆ, ಪ್ರಜೆ, ಮಂತ್ರಿ, ಮಿತ್ರ, ದುರ್ಗಗಳೊಡನೆ ಸಂಪತ್ತಿನ ಸ್ಥಾನದಲ್ಲಿ ‘ಕೂೞ್’ ಎಂಬ ಪದವನ್ನೇ ಇಡುತ್ತದೆ. ಸಂಸ್ಕೃತದ ರಾಜನೀತಿ ‘ಕೋಶ’ವೆನ್ನುವಲ್ಲಿ ತಮಿಳು ಕವಿ ‘ಕೂೞ್’ ಎಂದನು! ಇನ್ನು 64ನೆಯ ಕುಱಳಿನಲ್ಲಿ ಮಕ್ಕಳು ಪುಟ್ಟ ಕೈಯಿಂದ ಕಲಸಿದ ಕೂೞು ಅಮೃತಕ್ಕಿಂತ ಸವಿಯಾದುದು. ತೆಲುಗು ನಾಡಿನಲ್ಲಿ 1980ರ ದಶಕದ ರಾಜಕೀಯ ಘೋಷಣೆಯಲ್ಲಿಯೂ ‘ಕೂಡು, ಗೂಡು, ಗುಡ್ಡ’ ಎಂದು ಅನ್ನ, ಮನೆ, ಬಟ್ಟೆಗಳಿಗೆ ಈ ದೇಶ್ಯಪದಗಳೇ ಬಂದುವು. ಕರ್ನಾಟಕವು 2013ರಲ್ಲಿ ಅಕ್ಕಿಯ ಯೋಜನೆಗೆ ಹೆಸರಿಡುವಾಗ ‘ಅನ್ನಭಾಗ್ಯ’ವೆಂದಿತು. ‘ಕೂಳಿನ ಭಾಗ್ಯ’ವೆಂದಿದ್ದರೆ ಪಡೆಯುವವರು ಅವಮಾನವೆಂದೇ ಬಗೆಯುತ್ತಿದ್ದರು.

ಹಾಗಾದರೆ ಕನ್ನಡದಲ್ಲಿ ಈ ಪತನವೇಕಾಯಿತು? ಸಂಸ್ಕೃತದ ಪ್ರತಿಷ್ಠೆಯೇ ಕಾರಣವೆಂಬ ಉತ್ತರ ಸುಲಭವಾದುದು. ಅರ್ಧ ಸತ್ಯವೂ ಹೌದು. ‘ಅದ್’ ಎಂದರೆ ತಿನ್ನು. ಆ ಧಾತುವಿನಿಂದ ಬಂದ ‘ಅನ್ನ’ವು ದಾನ, ಪ್ರಸಾದ, ಛತ್ರಗಳ ಮಾತಾಯಿತು. ಆದರೆ ‘ಉಣ್’ ಧಾತುವಿನ ‘ಊಟ’ವೂ ದೇಶ್ಯವೇ ಅಲ್ಲವೆ? ‘ಭೋಜನ’ದ ಎದುರಿನಲ್ಲಿ ಅದು ಕೆಡಲಿಲ್ಲ. ‘ಊಟ ಆಯಿತೇ?’ ಎಂದು ಹಿರಿಯರನ್ನೂ ಕೇಳಬಹುದು. ವಾಮದಪದವಿನಲ್ಲಿ ‘ವಣಸ್ ಆಂಡೇ?’ ಎಂದು ಕೇಳುವಂತೆಯೇ. ಆದುದರಿಂದ ದೇಶ್ಯವೆಂಬ ಒಂದೇ ಕಾರಣ ಸಾಲದು. ನಮಗೆ ತೋರುವ ಮಟ್ಟಿಗೆ, ‘ಊಟ’ವು ಒಂದು ಕ್ರಿಯೆಯ ಹೆಸರು, ಉಣ್ಣುವವನೂ ಬಡಿಸುವವನೂ ಅದರೊಳಗಿದ್ದಾರೆ. ‘ಕೂಳು’ ಕೇವಲ ವಸ್ತುವಿನ ಹೆಸರು. ಆ ವಸ್ತುವಿಗೆ ‘ಅನ್ನ’ವೆಂಬ ಇನ್ನೊಂದು ಹೆಸರು ಗಟ್ಟಿಯಾದ ಮೇಲೆ, ಹಳೆಯ ಹೆಸರಿಗೆ ಉಳಿದದ್ದು ಅಗ್ಗದ ಸ್ಥಾನ: ಹಂಗಿನದು, ಬೇಡಿ ತಂದದ್ದು, ತಿಥಿಯದು. ‘ಕೂಳುಬಾಕ’, ‘ಕೂಳಿಗೆ ದಂಡ, ಭೂಮಿಗೆ ಭಾರ’, ‘ಪಿಂಡದ ಕೂಳು’ ಮುಂತಾದ ಬಯ್ಗುಳಗಳಲ್ಲಿ ಹೀನವಾಗಿರುವುದು ಆಹಾರವಲ್ಲ, ಉಣ್ಣುವವನ ಸ್ಥಿತಿ. ಅದರ ಮಸಿ ಪದಕ್ಕೆ ಅಂಟಿತು. ಜಪಾನೀ ಭಾಷೆಯಲ್ಲಿಯೂ ಅನ್ನಕ್ಕೆ ‘ಗೋಹನ್’ ಎಂಬುದು ಸಭ್ಯರ ಮಾತು, ‘ಮೆಶಿ’ ಒರಟು ಮಾತು. ‘ಮೆಶಿ’ಯ ಮೂಲವಾದರೋ ಗೌರವಾರ್ಥಕ ಕ್ರಿಯಾಪದ!

ಹೀಗೆ ಜಾರಿದ ಪದವು ಒಂದೆಡೆ ಮಾತ್ರ ಗುರುತು ಮರೆಸಿಕೊಂಡು ಬದುಕಿದೆ. ‘ತಣ್’ ಮತ್ತು ‘ಕೂೞ್’ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ ‘ತಂಗೂೞ್’ ಆಯಿತು; ದೀರ್ಘವು ಸವೆದು ‘ತಂಗುಳು’, ‘ತಂಗಳು’ ಆಯಿತು. ತಂಗಳನ್ನು ಬಡತನದ ಗುರುತೆಂದು ಹೇಳಬಹುದು, ಅದು ಬಯ್ಗುಳವಲ್ಲ. ‘ಕೂಳು’ ಎಂಬ ಮಾತು ಬಾಯಿಗೆ ಬಾರದಂತೆ ಮಕ್ಕಳನ್ನು ಗದರಿಸುವ ಮನೆಯಲ್ಲಿಯೇ ‘ತಂಗಳು ತಿನ್ನಬೇಡ’ ಎಂಬ ಮಾತು ಸಂಕೋಚವಿಲ್ಲದೆ ನಡೆಯುತ್ತದೆ.