ಕೊಕ್ಕೆಯ ಮೊನೆ ಎಲ್ಲಿದೆ?

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗಾಳದ ಸಾಮಾನು ಮಾರುವ ದೊಡ್ಡ ಅಂಗಡಿ ಹೊಕ್ಕರೆ ಬಾಸ್ ಮೀನಿನ ಲೂರ್‌ಗಳದ್ದೇ ಒಂದು ಗೋಡೆ ಇರುತ್ತದೆ. ಕಣ್ಣು ಬರೆದು, ಹುರುಪೆ ಮೂಡಿಸಿ, ಕಿವಿರಿಗೆ ಕೆಂಪು ಬಳಿದ ಈ ಹುಸಿ ಮೀನುಗಳ ಕುಸುರಿ ಮೆಚ್ಚುವಂಥದ್ದೇ. ಆದರೆ ಅವುಗಳಲ್ಲಿ ಬಹಳಷ್ಟು ತೆರೆದ ನೀರಿಗೆಂದು ಮಾಡಿದವು. ಹೊಟ್ಟೆಯಡಿ ಮೂರು ಮೊನೆಯ ಕೊಕ್ಕೆಗಳು ತೂಗಾಡುತ್ತಿರುತ್ತವೆ. ಕಳೆ ತುಂಬಿದ ಹೊಂಡಕ್ಕೆ ಬೇಸಿಗೆಯಲ್ಲಿ ಅಂಥದೊಂದನ್ನು ಎಸೆದರೆ ನಾಲ್ಕು ಮೊಳ ಎಳೆಯುವಷ್ಟರಲ್ಲಿ ಅದು ಹಸಿರು ಉಂಡೆಯಾಗಿರುತ್ತದೆ. ಲೂರ್ ಎಷ್ಟು ನೈಜವಾಗಿದೆ ಎಂಬ ಮಾತು ಆಮೇಲಿನದು. ಕೊಕ್ಕೆಯ ಮೊನೆ ಎಲ್ಲಿ ಅಡಗಿದೆ, ಯಾವ ಗಳಿಗೆಯಲ್ಲಿ ಹೊರಬರುತ್ತದೆ ಎಂಬುದು ಮೊದಲಿನ ಪ್ರಶ್ನೆ. ಹೆಸರುವಾಸಿ ಲೂರ್‌ಗಳನ್ನು ಈ ಪ್ರಶ್ನೆಯಿಂದ ತೂಗಿದರೆ ಕೆಲವು ಕೆಳಗಿಳಿಯುತ್ತವೆ. ಕಣ್ಣುಮೂಗಿಲ್ಲದ ಒಂದು ಪ್ಲಾಸ್ಟಿಕ್ ಹುಳು ಎಲ್ಲಕ್ಕಿಂತ ಮೇಲೇರುತ್ತದೆ.

ಹೊಲದ ಹೊಂಡಗಳಿಗೆ ಬ್ಲೂಗಿಲ್ ಮತ್ತು ಲಾರ್ಜ್‌ಮೌತ್ ಬಾಸ್ ಮೀನುಗಳನ್ನು ಜೋಡಿಯಾಗಿ ಬಿಡುವ ಪದ್ಧತಿ ಅಲ್ಲಿ ಬೇರೂರಿದ್ದು ಅಲಬಾಮಾದ ಆಬರ್ನ್‌ನಲ್ಲಿ ಎಚ್. ಎಸ್. ಸ್ವಿಂಗಲ್ 1930ರ ದಶಕದಿಂದ ನಡೆಸಿದ ಪ್ರಯೋಗಗಳಿಂದ. ಬ್ಲೂಗಿಲ್ ಹುಳಹುಪ್ಪಟೆ ತಿಂದು ಹೆಚ್ಚುತ್ತದೆ, ಬಾಸ್ ಅದರ ಮರಿಗಳನ್ನು ತಿಂದು ಬೆಳೆಯುತ್ತದೆ. ಆಳವಿಲ್ಲದ, ಗದ್ದೆಯ ಗೊಬ್ಬರದ ಸಾರ ಹರಿದು ಬರುವ, ಬಿಸಿಲು ತಳ ಮುಟ್ಟುವ ನೀರಿನಲ್ಲಿ ಕಳೆ ಬಾರದೆ ಇರುವುದಿಲ್ಲ. ನಮ್ಮ ಕೆರೆಗಳಲ್ಲಿ ಸಹಜವಾಗಿ ಬೆಳೆಯುವ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿ ಸುತ್ತಲಿನ ರಾಜ್ಯಗಳಿಗೆ ಹಬ್ಬಿತು. ಅದರ ಜೊತೆಗೆ ನೈದಿಲೆ, ದಡದ ಜೊಂಡು, ಕೂದಲಿನಂಥ ಎಳೆಪಾಚಿ. ಬಾಸ್‌ಗೆ ಬೇಕಾದ್ದೂ ಇದೇ. ಅದು ಕಳೆಯ ನೆರಳಿನಲ್ಲಿ ಹೊಂಚಿ ನಿಂತು, ಎದುರು ಸುಳಿದದ್ದನ್ನು ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಕ್ಕೆ ಹೀರುತ್ತದೆ. ಕಳೆಗೆ ಸಿಕ್ಕಿಕೊಂಡ ಎರೆಯನ್ನು ಹೀಗೆ ಹೀರಲು ಆಗುವುದಿಲ್ಲ. ಮೀನು ಬಾಯಿ ಹಾಕಿದ್ದು ದಾರದಲ್ಲಿ ತಿಳಿದರೂ ಕೊಕ್ಕೆ ಬರಿದಾಗಿ ಬರುವುದಕ್ಕೆ ಇದೊಂದು ದೊಡ್ಡ ಕಾರಣ.

ಕಳೆಗೆಂದೇ ಹುಟ್ಟಿದ ಹಳೆಯ ಲೂರ್‌ಗಳಲ್ಲಿ ಲೂಯಿ ಜಾನ್ಸನ್ 1920ರ ದಶಕದಲ್ಲಿ ರೂಪಿಸಿದ ಸಿಲ್ವರ್ ಮಿನೋಗೆ ಈಗಲೂ ಮರ್ಯಾದೆ ಇದೆ. ಚಮಚದ ಬಟ್ಟಲಿನಂತೆ ಬಾಗಿದ ತಗಡು, ಅದಕ್ಕೆ ಅಲುಗದಂತೆ ಕೂಡಿಸಿದ ಒಂದೇ ಕೊಕ್ಕೆ, ಮೊನೆಯ ಮುಂದೆ ಕಾವಲಿಗೆ ಒಂದು ತಂತಿ. ತೇಲೆಲೆಗಳ ನಡುವೆ ಓಲಾಡುತ್ತ ಬರುವಾಗ ತಂತಿ ದಂಟುಗಳನ್ನು ಪಕ್ಕಕ್ಕೆ ತಳ್ಳುತ್ತದೆ, ಮೀನಿನ ದವಡೆ ಒತ್ತಿದಾಗ ತಾನೇ ಮಣಿಯುತ್ತದೆ. ಕೊಂಡ ತಕ್ಷಣ ಆ ತಂತಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಬಿರುಸಾಗಿದ್ದರೆ ಮೀನಿಗೂ ಮಣಿಯದು, ಸಡಿಲವಾಗಿದ್ದರೆ ಮೊದಲ ಎಲೆಗೇ ಮಣಿಯುತ್ತದೆ. ಮೊನೆಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಬಗ್ಗಿಸಿಕೊಂಡರೆ ಇದು ಒಳ್ಳೆಯ ಲೂರ್. ಸದಾ ಚಲಿಸುತ್ತಲೇ ಇರಬೇಕಾದ್ದು ಇದರ ಮಿತಿ. ನಿಲ್ಲಿಸಿದರೆ ಮುಳುಗುತ್ತದೆ, ಮುಳುಗಿದರೆ ಕಳೆಯಲ್ಲಿ ಹೂತುಹೋಗುತ್ತದೆ. ತಂತಿಯ ತೋಳಿನಲ್ಲಿ ತಿರುಗುವ ತಗಡಿನ ರೆಕ್ಕೆಯಿರುವ ಸ್ಪಿನ್ನರ್‌ಬೇಟ್ ಎಂಬ ಲೂರ್‌ನ ಮಾತೂ ಹೆಚ್ಚುಕಡಿಮೆ ಅದೇ. ಕಳೆಯ ಅಂಚಿನುದ್ದಕ್ಕೂ ಎಳೆಯಲು ತಕ್ಕುದು, ಕಳೆಯೊಳಗೆ ಹೋಗಲು ಅಲ್ಲ. ಅದರ ದುಂಡು ರೆಕ್ಕೆ ತೆಗೆದು ಬಿದಿರೆಲೆಯಂಥ ಕಿರಿದಾದ ರೆಕ್ಕೆ ಹಾಕಿದರೆ ದಂಟುಗಳ ನಡುವೆ ಸ್ವಲ್ಪ ಸಲೀಸಾಗಿ ನುಸುಳುತ್ತದೆ.

ಇನ್ನು ಹುಳು. 1949ರಲ್ಲಿ ಒಹಾಯೋದ ಏಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಮೆದು ಪ್ಲಾಸ್ಟಿಕ್ ಕಾಯಿಸಿ ಅಚ್ಚಿಗೆ ಹೊಯ್ದು ಎರೆಹುಳು ಮಾಡಿದರು. ಮೊದಮೊದಲು ಅದು ಮಾರಾಟಕ್ಕೆ ಬಂದದ್ದು ಮಣಿ, ಪುಟ್ಟ ಪ್ರೊಪೆಲ್ಲರ್, ಪೋಣಿಸಿದ ಕೊಕ್ಕೆಗಳ ಸರದೊಂದಿಗೆ. ಕಳೆಯ ನೀರಿಗೆ ಆ ಸರ ಹೊಂದುವಂಥದ್ದಲ್ಲ. ಟೆಕ್ಸಸ್‌ನ ಮರದ ಬೊಡ್ಡೆ, ಕಳೆ ತುಂಬಿದ ಕೆರೆಗಳಲ್ಲಿ ಗಾಳ ಹಾಕುವವರು ಅದನ್ನೆಲ್ಲ ಕಿತ್ತು ಒಂದೇ ಕೊಕ್ಕೆ ಉಳಿಸಿಕೊಂಡರು. ಮೊನೆಯನ್ನು ಹುಳುವಿನ ತಲೆಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ತೂರಿಸಿ, ಹೊರಗೆಳೆದು, ತಿರುಗಿಸಿ, ಮತ್ತೆ ಹುಳುವಿನ ಮೈಯೊಳಗೇ ಹೂತರು. ಮುಂದೆ ಗುಂಡಿನಾಕಾರದ ಒಂದು ತೂಕ. ಟೆಕ್ಸಸ್ ರಿಗ್ ಎಂದು ಹೆಸರಾದ ಈ ಕಟ್ಟಿಗೆ ಸಮನಾದ ಉಪಾಯ ಬಾಸ್ ಗಾಳದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾವಲು ತಂತಿಯ ಕೆಲಸವನ್ನು ಇಲ್ಲಿ ಎರೆಯ ಮೈಯೇ ಮಾಡುತ್ತದೆ. ಮೀನು ಕಚ್ಚಿ ದವಡೆ ಬಿಗಿದಾಗ ಪ್ಲಾಸ್ಟಿಕ್ ಅದುಮಿಕೊಳ್ಳುತ್ತದೆ. ಗಾಳದ ಕೋಲನ್ನು ಜಗ್ಗಿದಾಗ ಮೊನೆ ಅದನ್ನು ಸೀಳಿಕೊಂಡು ಬಾಯಿಗೆ ನಾಟುತ್ತದೆ. ಇದನ್ನು ನಿಲ್ಲಿಸಬಹುದು, ಮುಳುಗಿಸಬಹುದು, ಕಳೆಯ ತೂತಿನಲ್ಲಿ ಇಳಿಬಿಟ್ಟು ಸುಮ್ಮನೆ ಕಾಯಬಹುದು. ತಯಾರಕ ಕೊಟ್ಟದ್ದು ಪದಾರ್ಥ. ಅದಕ್ಕೆ ರೂಪ ಕೊಟ್ಟವರು ನೀರಿನ ದಡದಲ್ಲಿ ನಿಂತ ಬಳಕೆದಾರರು.

ಇದರಲ್ಲಿ ತಿದ್ದಿಕೊಳ್ಳುವ ಅವಕಾಶವೂ ಬೇಕಾದಷ್ಟು. ಹುಳು ಕೊಕ್ಕೆಯ ಮೇಲೆ ನೆಟ್ಟಗೆ ಕೂರಬೇಕು. ಡೊಂಕಾದರೆ ಎಳೆಯುವಾಗ ಗಿರಗಿರ ತಿರುಗಿ ದಾರಕ್ಕೆ ಸುರುಳಿ ಬೀಳಿಸುತ್ತದೆ. ಕಳೆ ದಟ್ಟವಾಗಿದ್ದರೆ ತೂಕದ ರಂಧ್ರದಲ್ಲಿ ಹಲ್ಲುಕಡ್ಡಿಯ ಚೂರು ತುರುಕಿ ಅದು ದಾರದ ಮೇಲೆ ಜಾರದಂತೆ ಮಾಡಬೇಕು. ಇಲ್ಲದಿದ್ದರೆ ತೂಕ ಮಾತ್ರ ತಳಕ್ಕಿಳಿದು ಹುಳು ಮೇಲೆಯೇ ಎಲೆಗೆ ಜೋತುಬೀಳುತ್ತದೆ. ಹೈಡ್ರಿಲ್ಲಾದ ಹಾಸು ಕಂಬಳಿಯಷ್ಟು ದಪ್ಪವಾದಾಗ 28ರಿಂದ 42 ಗ್ರಾಂ ತೂಕ ಹಾಕಿ ಅದನ್ನು ತೂತು ಮಾಡಿಯೇ ಇಳಿಸುತ್ತಾರೆ. ಅಲ್ಲಿ ಸೀಸಕ್ಕಿಂತ ಟಂಗ್‌ಸ್ಟನ್ ಮೇಲು. ಅದರ ಸಾಂದ್ರತೆ ಸೀಸದ ಒಂದೂವರೆ ಪಟ್ಟಿಗೂ ಹೆಚ್ಚು. ಅಷ್ಟೇ ತೂಕ, ಕಿರಿದಾದ ಗುಂಡು. ನುಂಗಿದ ಸೀಸದ ಗುಂಡುಗಳಿಂದ ಲೂನ್ ಹಕ್ಕಿಗಳು ಸಾಯುತ್ತವೆಂದು ಮೇನ್, ನ್ಯೂ ಹ್ಯಾಂಪ್‌ಷೈರ್ ಮೊದಲಾದ ರಾಜ್ಯಗಳು ಸಣ್ಣ ಸೀಸದ ತೂಕಗಳನ್ನು ನಿರ್ಬಂಧಿಸಿವೆ. ಬೆಲೆ ಹೆಚ್ಚಾದರೂ ಟಂಗ್‌ಸ್ಟನ್ ಕೊಳ್ಳಲು ನನಗೆ ಈ ಒಂದು ಕಾರಣವೇ ಸಾಕು.

ಕಪ್ಪೆ ಲೂರ್‌ಗೆ ಇಷ್ಟು ಸುಲಭವಾಗಿ ಮಣೆ ಹಾಕಲಾರೆ. ಟೊಳ್ಳು ಮೈ, ಬೆನ್ನಿಗೆ ಆತುಕೊಂಡು ಮೇಲ್ಮುಖವಾಗಿ ನಿಂತ ಎರಡು ಕೊಕ್ಕೆ, ಹಿಂದೆ ರಬ್ಬರ್ ಎಳೆಗಳ ಕಾಲು. ಎಲೆಗಳ ಮೇಲೆ ಕುಪ್ಪಳಿಸುತ್ತ ಬರುವಾಗ ಕೆಳಗಿನಿಂದ ಬಾಸ್ ಹಾಸನ್ನೇ ಒಡೆದು ಎರಗುವ ದೃಶ್ಯಕ್ಕೆ ಮನಸೋಲದವರಿಲ್ಲ. ಮೇಲ್ಮೈ ಪೂರ್ತಿ ಮುಚ್ಚಿದ ಹೊಂಡದಲ್ಲಿ ಇದನ್ನು ಬಿಟ್ಟರೆ ಬೇರೆ ದಾರಿ ಕಡಿಮೆ ಎಂಬುದೂ ನಿಜ. ಆದರೆ ಎರಗಿದ ಮೀನುಗಳಲ್ಲಿ ಕೈಗೆ ಸಿಗದವು ಬಹಳ, ಏಕೆಂದರೆ ಮೊನೆಯನ್ನು ಕಳೆಯಿಂದ ಕಾಯುವ ಮೈಯೇ ಮೀನಿನಿಂದಲೂ ಕಾಯುತ್ತದೆ. ಪೊಟ್ಟಣದಿಂದ ತೆಗೆದ ಕಪ್ಪೆಯನ್ನು ಹಾಗೆಯೇ ಎಸೆಯುವುದು ಅರ್ಧ ಮಾಡಿದ ಕೆಲಸ. ಕಾಲಿನ ಎಳೆಗಳನ್ನು ಎರಡು ಮೂರು ಸೆಂಟಿಮೀಟರ್ ಕತ್ತರಿಸಿದರೆ ಮೂತಿ ಎಡಕ್ಕೂ ಬಲಕ್ಕೂ ಸುಲಭವಾಗಿ ಹೊರಳುತ್ತದೆ, ಮೀನಿನ ಬಾಯಿ ಬರೀ ಬಾಲಕ್ಕೆ ಬೀಳದೆ ಮೈಗೆ ಬೀಳುತ್ತದೆ. ಹೊಟ್ಟೆಯೊಳಗೆ ನಾಲ್ಕಾರು ಲೋಹದ ಗುಂಡು ತೂರಿಸಿದರೆ ದೂರಕ್ಕೆ ಹಾರುತ್ತದೆ, ಹಿಂಭಾಗ ತಗ್ಗಿ ಕೊಕ್ಕೆಗಳು ನೀರಿನ ಮಟ್ಟಕ್ಕೆ ಇಳಿಯುತ್ತವೆ, ಹಾಸಿನಡಿಯ ಮೀನಿಗೆ ಅದರ ಸದ್ದೂ ತಲುಪುತ್ತದೆ. ಇಕ್ಕಳದಿಂದ ಮೊನೆಗಳನ್ನು ಒಂದಿಷ್ಟು ಹೊರಕ್ಕೆ ಬಗ್ಗಿಸಿದರೆ ಮೀನು ಹೆಚ್ಚು ಸಿಕ್ಕುತ್ತದೆ, ಕಳೆಯೂ ಹೆಚ್ಚು ಸಿಕ್ಕುತ್ತದೆ. ನೈದಿಲೆಯ ಹೊಂಡಕ್ಕೆ ಇದು ಸರಿ, ಪಾಚಿಯ ಹೊಂಡಕ್ಕೆ ಬೇಡ. ಎರಗಿದ ಸದ್ದಿಗೆ ಬೆಚ್ಚಿ ಜಗ್ಗದೆ, ದಾರದಲ್ಲಿ ಮೀನಿನ ಭಾರ ತಿಳಿಯುವವರೆಗೆ ತಡೆಯಬೇಕು. ದಾರ 50ರಿಂದ 65 ಪೌಂಡ್ ತಡೆಯುವ ಹೆಣೆದ ದಾರವೇ ಆಗಬೇಕು. ತಂಗೂಸ್ ಹಿಗ್ಗುತ್ತದೆ, ಕಳೆಯ ದಂಟನ್ನು ಕೊಯ್ಯುವುದಿಲ್ಲ. ಮೀನನ್ನು ಮತ್ತೆ ನೀರಿಗೆ ಬಿಡುವವರಂತೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಳೆಯ ಮುದ್ದೆಯೊಳಗೆ ಹೊತ್ತು ಕಳೆದಷ್ಟೂ ಮೀನು ಸೋತುಹೋಗುತ್ತದೆ. ನಮ್ಮಲ್ಲಿ ಕೊರವ ಮೀನಿಗೆ ಗಾಳ ಹಾಕುವವರ ಪೆಟ್ಟಿಗೆಯಲ್ಲೂ ಇದೇ ಟೊಳ್ಳು ಕಪ್ಪೆ ಇರುತ್ತದೆ. ಬಾಸ್‌ಗೂ ಕೊರವಕ್ಕೂ ನಂಟಿಲ್ಲ, ಆದರೆ ಎಲೆಯಡಿ ಹೊಂಚುವ ಬುದ್ಧಿ ಒಂದೇ, ಆದ್ದರಿಂದ ಈ ತಿದ್ದುಪಡಿಗಳು ಅಲ್ಲಿಯೂ ನಡೆಯುತ್ತವೆ.

ಬಣ್ಣದ ವಿಚಾರದಲ್ಲಿ ಅಂಗಡಿಯ ಗೋಡೆಯನ್ನು ನಂಬಬೇಕಿಲ್ಲ. ಲಾರ್ಜ್‌ಮೌತ್ ಬಾಸ್‌ನ ಕಣ್ಣಿನಲ್ಲಿರುವುದು ಕೆಂಪಿಗೊಂದು, ಹಸಿರಿಗೊಂದು, ಹೀಗೆ ಎರಡೇ ಬಗೆಯ ಶಂಕುಕೋಶಗಳು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಮೀನುಗಳನ್ನು ಪಳಗಿಸಿ ನೋಡಿದಾಗ ಅವು ಕೆಂಪು, ಹಸಿರುಗಳನ್ನು ಚೆನ್ನಾಗಿ ಗುರುತಿಸಿದವು. ಹಳದಿ ಮಿಶ್ರಿತ ಎಳೆಹಸಿರನ್ನು ಬಿಳಿಯೊಂದಿಗೆ, ಕಡುನೀಲಿಯನ್ನು ಕಪ್ಪಿನೊಂದಿಗೆ ಗೊಂದಲ ಮಾಡಿಕೊಂಡವು. ಕಳೆಯ ಚಾವಣಿಯ ಕೆಳಗಿನಿಂದ ನೋಡುವ ಮೀನಿಗೆ ಲೂರ್‌ನ ಹೊಟ್ಟೆಯ ನೆರಳಾಕೃತಿಯಷ್ಟೇ ಕಾಣುತ್ತದೆ, ಬೆನ್ನಿನ ಚುಕ್ಕೆಗಳಲ್ಲ. ದಟ್ಟ ಹಾಸಿಗೆ ಕಪ್ಪು, ತಿಳಿ ಸಂದುಗಳಿಗೆ ಬಿಳಿ ಹೊಟ್ಟೆಯದು, ನೀರೊಳಗಿನ ಹುಳುವಿಗೆ ಕಳೆಯ ಹಸಿರು ಅಥವಾ ಕಡುನೇರಳೆ. ಉಳಿದ ಹಣವನ್ನು ಒಳ್ಳೆಯ ಕೊಕ್ಕೆಗೆ ಹಾಕುವುದು ಲೇಸು.

ಎಳೆಪಾಚಿಯೊಂದರ ಮುಂದೆ ಈ ಯಾವ ಲೂರ್‌ನ ಆಟವೂ ಹೆಚ್ಚು ನಡೆಯುವುದಿಲ್ಲ. ಅದಕ್ಕೆ ದಂಟಿಲ್ಲ, ಪಕ್ಕಕ್ಕೆ ಸರಿಯುವುದಿಲ್ಲ. ದಾರದ ಗಂಟಿಗೂ ತೂಕದ ಮೂತಿಗೂ ಅಂಟಿಕೊಂಡೇ ಬರುತ್ತದೆ. ತೂಕ ತೆಗೆದು ಹುಳುವನ್ನು ಹಗುರಾಗಿ ಸಂದಿನಲ್ಲಿ ಬೀಳಿಸುವುದು ಅಲ್ಲಿ ಉಳಿಯುವ ಒಂದೇ ಕ್ರಮ, ಅದೂ ಸಂದು ಇದ್ದರೆ. ಇಡೀ ಹೊಂಡವೇ ಮುಚ್ಚಿಹೋದರೆ ಬ್ಲೂಗಿಲ್ ಮರಿಗಳು ಬಾಸ್‌ನ ಬಾಯಿಗೆ ಸಿಗದೆ ಕಳೆಯೊಳಗೇ ಉಳಿದು ಕುಳ್ಳಾಗುತ್ತವೆ, ಬಾಸ್ ಬಡಕಲಾಗುತ್ತದೆ. ಆಗ ಹೊಂಡದ ಒಡೆಯರು ಕುಂಟೆಯಿಂದ ಪಾಚಿ ಎಳೆದು ದಾರಿ ಬಿಡಿಸುತ್ತಾರೆ, ಹೈಡ್ರಿಲ್ಲಾ ಇದ್ದಲ್ಲಿ ಸಂತಾನಶಕ್ತಿಯಿಲ್ಲದ ಹುಲ್ಲುಗೆಂಡೆ ಮೀನನ್ನು ಬಿಡುತ್ತಾರೆ. ಅದನ್ನು ಲೆಕ್ಕ ಮೀರಿ ಬಿಟ್ಟರೆ ಕಳೆಯೆಲ್ಲ ಖಾಲಿಯಾಗಿ ಬಾಸ್‌ಗೆ ಹೊಂಚಲು ಜಾಗವೇ ಇರುವುದಿಲ್ಲ. ಮೂರರಲ್ಲಿ ಒಂದು ಪಾಲು ಕಳೆ ಉಳಿಸಿಕೊಂಡ ಹೊಂಡ, ಹುಳುವಿಗೂ ಕಪ್ಪೆಗೂ ಅದೇ ತಕ್ಕ ನೀರು.