ಮೆಗಾಹರ್ಟ್ಸ್ ಮಿಥ್ಯೆಯ ಅರ್ಧಸತ್ಯ

ಗಿಗಾಹರ್ಟ್ಸ್ ನೋಡಿ ಕಂಪ್ಯೂಟರ್ ಕೊಳ್ಳಬೇಡಿ ಎಂದು ಬುದ್ಧಿ ಹೇಳುವವರೆಲ್ಲ ಆಪಲ್‌ನ 'ಮೆಗಾಹರ್ಟ್ಸ್ ಮಿಥ್' ಪ್ರಾತ್ಯಕ್ಷಿಕೆಯನ್ನು ಕೊಂಡಾಡುತ್ತಾರೆ. 2001ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ ಅದು ನಡೆಯಿತು. ಪಾಠವೇನೋ ಸರಿ. ಆದರೆ ಆ ಪ್ರಾತ್ಯಕ್ಷಿಕೆಗೆ ಇಷ್ಟು ಕೀರ್ತಿ ಸಲ್ಲದು.

ಅಲ್ಲಿ ಮ್ಯಾಕ್‌ನ 867 ಮೆಗಾಹರ್ಟ್ಸ್ ಜಿ4 ಪ್ರೊಸೆಸರ್, ಇಂಟೆಲ್‌ನ 1.7 ಗಿಗಾಹರ್ಟ್ಸ್ ಪೆಂಟಿಯಂ 4ಗಿಂತ ಮೊದಲು ಫೋಟೋಶಾಪ್ ಕೆಲಸ ಮುಗಿಸಿತು. ಇದಕ್ಕೆ ಆಪಲ್‌ನ ಹಾರ್ಡ್‌ವೇರ್ ಮುಖ್ಯಸ್ಥ ಜಾನ್ ರೂಬಿನ್‌ಸ್ಟೈನ್ ಕೊಟ್ಟ ಕಾರಣ ಪೈಪ್‌ಲೈನ್, ಅಂದರೆ ಪ್ರತಿ ಆದೇಶವೂ ಹಂತಹಂತವಾಗಿ ಸಾಗುವ ಸಾಲು: ಜಿ4ರಲ್ಲಿ 7 ಹಂತ, ಪೆಂಟಿಯಂ 4ರಲ್ಲಿ 20. ಪ್ರೋಗ್ರಾಂ ಮುಂದೆ ಯಾವ ಕವಲು ಹಿಡಿಯುತ್ತದೆಂದು ಪ್ರೊಸೆಸರ್ ಮೊದಲೇ ಊಹಿಸಿ ಕೆಲಸ ತುಂಬಿಕೊಳ್ಳುತ್ತದೆ. ಊಹೆ ತಪ್ಪಿದರೆ ತುಂಬಿದ್ದನ್ನೆಲ್ಲ ಚೆಲ್ಲಿ ಮತ್ತೆ ತುಂಬಬೇಕು. ಪೈಪ್‌ಲೈನ್ ಉದ್ದವಾದಷ್ಟೂ ನಷ್ಟ ಹೆಚ್ಚು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಒಂದೊಂದು ಹಂತದ ಕೆಲಸ ಚಿಕ್ಕದಾದದ್ದರಿಂದಲೇ ಪೆಂಟಿಯಂ 4ರ ಕ್ಲಾಕ್ ಅಷ್ಟು ಜೋರಾಗಿ ಓಡುತ್ತಿತ್ತು ಎಂಬುದಕ್ಕೆ ಅಲ್ಲಿ ತಕ್ಕ ತೂಕ ಸಿಗಲಿಲ್ಲ. ಅದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಫೋಟೋಶಾಪ್ ಫಿಲ್ಟರ್ ಎಂದರೆ ಲಕ್ಷಗಟ್ಟಲೆ ಪಿಕ್ಸೆಲ್‌ಗಳ ಮೇಲೆ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು. ಅಲ್ಲಿ ಕವಲುಗಳೇ ಕಡಿಮೆ, ಊಹೆ ತಪ್ಪುವುದೂ ಅಪರೂಪ. ಅಂಥ ಲೆಕ್ಕಕ್ಕೆ ಜಿ4ರಲ್ಲಿದ್ದ ಒಂದೇ ಲೆಕ್ಕವನ್ನು ಹಲವು ಅಂಕಿಗಳ ಮೇಲೆ ಒಟ್ಟಿಗೆ ಮಾಡುವ 128 ಬಿಟ್‌ನ ಆಲ್ಟಿವೆಕ್ ಘಟಕ ಹೇಳಿ ಮಾಡಿಸಿದಂತಿತ್ತು. ತೋರಿಸಿದ ಗೆಲುವಿಗೂ ಹೇಳಿದ ಕಾರಣಕ್ಕೂ ಸಂಬಂಧ ತೀರಾ ತೆಳು. ಹೊಗಳುವವರು ಇದನ್ನು ಗಮನಿಸುವುದೇ ಇಲ್ಲ.

ಕ್ಲಾಕ್ ಅಂಕಿಯನ್ನು ಹೀಗಳೆದ ಆಪಲ್ ತಾನೇ ಅದರ ಹಿಂದೆ ಬಿತ್ತು. 2003ರಲ್ಲಿ ಅದರ ಮುಖ್ಯಸ್ಥ ಸ್ಟೀವ್ ಜಾಬ್ಸ್ ಒಂದು ವರ್ಷದೊಳಗೆ 3 ಗಿಗಾಹರ್ಟ್ಸ್‌ನ ಜಿ5 ಕೊಡುವುದಾಗಿ ಮಾತು ಕೊಟ್ಟರು. ಅದು ಬರಲಿಲ್ಲ. 2005ರಲ್ಲಿ ಆಪಲ್ ಇಂಟೆಲ್ ಕಡೆ ಹೊರಳಿದಾಗ ಡೆವಲಪರ್‌ಗಳಿಗೆ ಕೊಟ್ಟ ಯಂತ್ರದಲ್ಲಿದ್ದದ್ದು 3.6 ಗಿಗಾಹರ್ಟ್ಸ್‌ನ ಪೆಂಟಿಯಂ 4. ಪಾಠವನ್ನು ಸಾಬೀತು ಮಾಡಿದ್ದು ಇಂಟೆಲ್ಲೇ: 2006ರಲ್ಲಿ ಅದರ 2.4 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ, ತನ್ನದೇ ಮನೆಯ 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4 ಅನ್ನು ಸುಲಭವಾಗಿ ಹಿಂದಿಕ್ಕಿತು.

ಆಪಲ್ ಅಂದು ಒಂದು ಅಂಕಿ ಕಿತ್ತು ಆ ಜಾಗದಲ್ಲಿ ತನಗೆ ಒಗ್ಗುವ ಪರೀಕ್ಷೆಯನ್ನು ಕೂರಿಸಿತು. ಇವತ್ತಿನ ಲ್ಯಾಪ್‌ಟಾಪ್ ವಿಮರ್ಶಕರು ಮಾಡುತ್ತಿರುವುದೂ ಅದನ್ನೇ. ಕ್ಲಾಕ್ ಸ್ಪೀಡ್ ಹಳೇ ಕಾಲದ ಅಳತೆ ಎಂದು ತಳ್ಳಿಹಾಕಿ, ಕೆಲವೇ ನಿಮಿಷದಲ್ಲಿ ಮುಗಿಯುವ ಬೆಂಚ್‌ಮಾರ್ಕ್‌ನ ಸ್ಕೋರ್ ಹಿಡಿದು ತೀರ್ಪು ಕೊಡುತ್ತಾರೆ. ಅಷ್ಟು ಹೊತ್ತು ಟರ್ಬೊ ವೇಗ, ಅಂದರೆ ಪ್ರೊಸೆಸರ್ ಸ್ವಲ್ಪ ಕಾಲ ಮಾತ್ರ ಏರಿಸಿಕೊಳ್ಳುವ ಹೆಚ್ಚಿನ ಕ್ಲಾಕ್, ಉಳಿದುಕೊಳ್ಳುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್ ಕಾವೇರಿದ ಮೇಲೆ ಅದೇ ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಳ್ಳಲೇಬೇಕು. ಒಂದೇ ಪ್ರೊಸೆಸರಿನ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಗಂಟೆ ವಿಡಿಯೊ ರೆಂಡರ್ ಮಾಡಿ, ಕೊನೆಗೆ ಯಾವುದು ಎಷ್ಟು ಗಿಗಾಹರ್ಟ್ಸ್‌ಗೆ ಇಳಿಯಿತು ಎಂದು ಬರೆಯುವವರು ವಿರಳ. ದುಡ್ಡು ಕೊಟ್ಟು ಕೊಳ್ಳುವವನಿಗೆ ಬೇಕಾದದ್ದು ಆ ಅಂಕಿ.