ಸಹಕಾರ ಸಾರಿಗೆಯ ಮುಂದಿನ ಸೀಟು

ಮಲೆನಾಡಿನಲ್ಲಿ ಬಸ್ಸು ಕಾಣುವುದಕ್ಕಿಂತ ಮೊದಲು ಕೇಳಿಸುತ್ತದೆ. ತಿರುವಿನಾಚೆ ಗೇರು ಇಳಿಸಿದ ಸದ್ದಿನಲ್ಲೇ ಯಾವ ಬಸ್ಸೆಂದು ಹೇಳಿಬಿಡುವವರು ನಮ್ಮ ಸ್ಟಾಪಿನಲ್ಲಿದ್ದರು. ನನಗೆ ಅಚ್ಚುಮೆಚ್ಚು ಕೊಪ್ಪದ ಸಹಕಾರ ಸಾರಿಗೆ. ಶಂಕರ್ ಎಂಬ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿಕೊಂಡ ಸಂಸ್ಥೆ. ಸ್ಟಿಯರಿಂಗ್ ಹಿಡಿದವರೂ ಟಿಕೆಟ್ ಹರಿದವರೂ ಅದರ ಪಾಲುದಾರರು. ಆ ಹೆಮ್ಮೆ ಅವರ ನಡೆನುಡಿಯಲ್ಲೇ ಗೊತ್ತಾಗುತ್ತಿತ್ತು.

ಮಳೆಗಾಲದಲ್ಲಿ ನನಗೆ ಡ್ರೈವರ್ ಪಕ್ಕದ ಸೀಟೇ ಬೇಕಿತ್ತು. ಕಿಟಕಿಗಳಿಗೆ ಟಾರ್ಪಾಲು ಇಳಿಬಿಟ್ಟು ಒಳಗೆಲ್ಲ ಕತ್ತಲು, ಒದ್ದೆ ಕೊಡೆ, ಅಡಿಕೆ ಮೂಟೆಯ ವಾಸನೆ. ಎಂಜಿನ್ನಿನ ಬಿಸಿ ಮಾತ್ರ ಕಾಲಿಗೆ ಹಿತ. ಬಾಳೆಹೊನ್ನೂರು, ಶೃಂಗೇರಿ ಕಡೆಯ ಆ ತಿರುವುಗಳಲ್ಲಿ ಬ್ರೇಕಿಗಿಂತ ಗೇರನ್ನೇ ನಂಬಿ ಇಳಿಸುವ ಡ್ರೈವರನ ಕೈ ನೋಡುವುದೇ ಒಂದು ಪಾಠವಾಗಿತ್ತು.

ಕಂಡಕ್ಟರೋ, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು, ಕಾಲಿಡಲು ಜಾಗವಿಲ್ಲದಲ್ಲಿ ಅಡ್ಡಡ್ಡ ನುಸುಳುತ್ತಿದ್ದರು. ಯಾರು ಎಲ್ಲಿ ಇಳಿಯುತ್ತಾರೆಂದು ಕೇಳುತ್ತಲೇ ಇರಲಿಲ್ಲ. ಒಂಟಿ ಮನೆಯವರು ಔಷಧಿ ಚೀಟಿ, ದುಡ್ಡು ಕೊಟ್ಟು ಕಳಿಸಿದರೆ ಸಂಜೆಯ ಟ್ರಿಪ್ಪಿನಲ್ಲಿ ಮಾತ್ರೆಯೂ ಚಿಲ್ಲರೆಯೂ ಗೇಟಿನ ಬಳಿ ಸಿಗುತ್ತಿತ್ತು. ಟಿಕೆಟ್ಟಿನಲ್ಲಿ ಬರೆಯದ ಈ ಸೇವೆಯೇ ನನಗೆ ಎಲ್ಲಕ್ಕಿಂತ ದೊಡ್ಡದು.

ಸರ್ಕಾರದ್ದೂ ಅಲ್ಲದ, ಒಬ್ಬ ಧಣಿಯದ್ದೂ ಅಲ್ಲದ ಈ ಬಸ್ಸುಗಳು ಹತ್ತಿರ ಹತ್ತಿರ ಮೂರು ದಶಕ ಓಡಿ 2020ರಲ್ಲಿ ನಿಂತವು. ಅವನ್ನು ಓಡಿಸಿದ ಎಷ್ಟೋ ಮಂದಿ ಈಗಲೂ ಆ ಊರುಗಳಲ್ಲಿದ್ದಾರೆ. ಅವರ ಮಾತುಗಳನ್ನು ಯಾರಾದರೂ ಕೂತು ಬರೆದುಕೊಳ್ಳಬೇಕು.